ಖಂಡೇನವಮಿಯ ಎಣ್ಣೆ

ಹಳಿಯಾಳದ ಗಫೂರ್ ಭಾಯಿ ನನ್ನ ಪಿಸ್ತೂಲನ್ನು ಕೆಡಿಸಿರಲಿಲ್ಲ. ಕೆಡಿಸಿದವನು ನಾನು. ಅದು ಗೊತ್ತಾದ ಮೇಲೂ ವರ್ಷಗಟ್ಟಲೆ ಅವರ ಹೆಸರನ್ನೇ ಹೇಳಿಕೊಂಡು ತಿರುಗಿದೆ — ಇದಿಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಹೋದಂತೆ ನನ್ನ ಪರವಾಗಿ ನಾನೇ ವಕೀಲಿ ಶುರುಮಾಡುತ್ತೇನೆ. ನನ್ನ ಸ್ವಭಾವ ನನಗೆ ಗೊತ್ತು.

ನಾನು ಸೈನ್ಯದಿಂದ ಹವಾಲ್ದಾರನಾಗಿ ನಿವೃತ್ತನಾದವನು. ಊರಿಗೆ ಬಂದು ಲೈಸೆನ್ಸ್ ಮಾಡಿಸಿ ಒಂದು ಹಳೆಯ ಪಿಸ್ತೂಲು ಕೊಂಡೆ. ಸ್ವಂತ ಆಯುಧವಿದ್ದವನಿಗೆ ಗನ್‌ಮ್ಯಾನ್ ಕೆಲಸ ಬೇಗ ಸಿಗುತ್ತದೆ. ಆದರೆ ಆ ಪಿಸ್ತೂಲು ಮಹಾ ಹಟಮಾರಿ. ಎರಡು ಗುಂಡು ಹಾರಿಸುವಷ್ಟರಲ್ಲಿ ಮುಂದಿನದು ಮೇಲೇರದೆ ನಡುವೆಯೇ ಸಿಕ್ಕಿಕೊಳ್ಳುತ್ತಿತ್ತು. ಗಫೂರ್ ಭಾಯಿ ಸರ್ಕಾರದ ಲೈಸೆನ್ಸ್ ಇದ್ದ ಬಂದೂಕು ರಿಪೇರಿಯವರು. ಜೋಯಿಡಾ, ಮುಂಡಗೋಡ ಕಡೆಯ ರೈತರೂ ಬಂದೂಕು ಹೊತ್ತು ಅವರ ಅಂಗಡಿಗೇ ಬರುತ್ತಿದ್ದರು. ಗುಂಡು ತುಂಬುವ ಮ್ಯಾಗಝಿನ್ನಿನೊಳಗೆ ಅವನ್ನು ಮೇಲಕ್ಕೆ ದೂಡುವ ಸ್ಪ್ರಿಂಗ್ ಸೋತಿದೆ ಎಂದು ಅವರು ಹೊಸದನ್ನು ಹಾಕಿ, ಹಳೆಯ ಜಿಡ್ಡನ್ನೆಲ್ಲ ತೆಗೆದುಕೊಟ್ಟರು. ಆಮೇಲೆ ಪಿಸ್ತೂಲು ಒಮ್ಮೆಯೂ ತಕರಾರು ಮಾಡಲಿಲ್ಲ.

ಅಷ್ಟರಲ್ಲಿ ಖಂಡೇನವಮಿ ಬಂತು. ಕುಡಗೋಲು, ಕೊಡಲಿ, ಅಜ್ಜನ ಕಾಲದ ಕತ್ತಿ — ಎಲ್ಲವನ್ನೂ ತೊಳೆದು, ಕೊಬ್ಬರಿ ಎಣ್ಣೆ ಸವರಿ, ಕುಂಕುಮವಿಟ್ಟು ಪೂಜಿಸುವುದು ನಮ್ಮ ಮನೆಯ ರೂಢಿ. ಆ ವರ್ಷ ಅವುಗಳ ನಡುವೆ ಪಿಸ್ತೂಲನ್ನೂ ಇಟ್ಟೆ. ಕತ್ತಿಗೆ ಸವರಿದ ಕೈಯಲ್ಲೇ ಅದಕ್ಕೂ ಸವರಿದೆ. ಭಕ್ತಿ ಉಕ್ಕಿತು ನೋಡಿ, ಮ್ಯಾಗಝಿನ್ನಿನ ಬಾಯಿಗೂ ಧಾರಾಳವಾಗಿ ಎಣ್ಣೆ ಬಿಟ್ಟೆ, ಮೇಲೆ ಕುಂಕುಮ ಹಾಕಿದೆ. ಪಲ್ಟನ್ನಿನಲ್ಲಿ ಹೊಸಬರಿಗೆ ಆಯುಧ ಸ್ವಚ್ಛ ಮಾಡುವುದನ್ನು ಗದರಿಸಿ ಕಲಿಸಿದ ಮಹಾಶಯ ನಾನೇ! ಪೂಜೆಯದ್ದನ್ನು ಒರೆಸಬಾರದೆಂದು ಹಾಗೆಯೇ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟೆ.

ಚಳಿಗಾಲದಲ್ಲಿ ದಾಂಡೇಲಿ ಹತ್ತಿರ ಒಂದು ಕಾವಲಿನ ಕೆಲಸಕ್ಕೆ ಕರೆ ಬಂತು. ಲೈಸೆನ್ಸ್‌ದಾರರು ಗುರಿ ಅಭ್ಯಾಸ ಮಾಡುವ ಬಯಲಿನಲ್ಲಿ ಬೆಳಿಗ್ಗೆ ಹಾರಿಸಿ ತೋರಿಸಬೇಕಿತ್ತು. ಮೊದಲ ಗುಂಡು ಹಾರಿತು. ಎರಡನೆಯದು ಏರಲೇ ಇಲ್ಲ. ಕೈಯಿಂದ ಎಳೆದೆ, ಬಡಿದೆ — ಊಹೂಂ. ಸುತ್ತ ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಮಾನ ಉಳಿಸಿಕೊಳ್ಳಬೇಕಿತ್ತು.

"ಹಳಿಯಾಳದ ಗಫೂರ್ ಕೆಡಿಸಿಟ್ಟಾನ್ರಿ ಇದನ್ನ!" ಎಂದೆ.

ಆ ಕ್ಷಣ ನನಗೆ ಕಾರಣ ಗೊತ್ತಿರಲಿಲ್ಲ. ಆದರೆ ಮನೆಗೆ ಬಂದು ಮ್ಯಾಗಝಿನ್ ಬಿಚ್ಚಿದಾಗ — ಕೊಬ್ಬರಿ ಎಣ್ಣೆ ಚಳಿಗೆ ತುಪ್ಪದಂತೆ ಹೆಪ್ಪುಗಟ್ಟಿ, ಕುಂಕುಮ ಕಲೆತು, ಸ್ಪ್ರಿಂಗು ಅದರಲ್ಲಿ ಹೂತುಹೋಗಿತ್ತು. ಎಲ್ಲ ಸ್ವಚ್ಛವಾಗಿ ತೊಳೆದೆ. ಬಾಯಿ ಮಾತ್ರ ತೆರೆಯಲಿಲ್ಲ. ಕೆಲಸ ಬೇರೆಯವನಿಗೆ ಹೋಗಿತ್ತು. ಯಾಕೆ ಸಿಗಲಿಲ್ಲ ಎಂದು ಯಾರೇ ಕೇಳಿದರೂ ಗಫೂರ್ ಹೆಸರು ಹೇಳುವುದು ಸುಲಭವಾಗಿತ್ತು.

ಒಂದು ದಿನ ಅವರೇ ಮನೆಗೆ ಬಂದರು.

"ಸಾಹೇಬ್ರ, ಒಂದ್ಸಲ ಪಿಸ್ತೂಲ್ ಕೊಡ್ರಿ. ನಾ ಎಲ್ಲಿ ತಪ್ಪೇನಿ ಅಂತ ನೋಡ್ಬೇಕಾಗೇತಿ."

"ಇರ್ಲಿ ಬಿಡ್ರಿ ಭಾಯಿ. ನಾ ಏನೂ ಮನಸ್ಸಿನ್ಯಾಗ ಇಟ್ಕೊಂಡಿಲ್ಲ," ಎಂದೆ ನಾನು.

ಹೌದು — ನಾನು ಅವರನ್ನು ಕ್ಷಮಿಸಿದೆ! ಚಹಾ ಕೊಟ್ಟು ಕ್ಷಮಿಸಿದೆ. ಅವರು ತಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತ ಚಹಾ ಕುಡಿದು ಎದ್ದು ಹೋದರು. ಸುಳ್ಳಿಗಿಂತ ಆ ಚಹಾ ನೆನೆದರೆ ನನಗೆ ಹೆಚ್ಚು ನಾಚಿಕೆಯಾಗುತ್ತದೆ.

ನನ್ನ ಮಾತು ಹರಡಿ, ರೈತರ ಬಂದೂಕುಗಳು ರಿಪೇರಿಗೆ ಧಾರವಾಡದ ದಾರಿ ಹಿಡಿದವು. ಗಫೂರ್ ಭಾಯಿ ಬೆಳೆಗೆ ಔಷಧ ಹೊಡೆಯುವ ಪಂಪು ರಿಪೇರಿಗೆ ಕುಳಿತರು. ಈಚೆಗೆ ಸಂತೆಯಲ್ಲಿ ಸಿಕ್ಕಾಗ ಅವರೇ ಮಾತು ತೆಗೆದರು.

"ಲೈಸೆನ್ಸ್ ಮುಗಿಯಾಕ ಬಂದೈತ್ರಿ. ಈ ಸಲ ಮಾಡ್ಸೂದಿಲ್ಲ. ಕೈ ಮ್ಯಾಲ ನನಗ ಭರೋಸಾ ಉಳದಿಲ್ಲ."

ಅಂಗಡಿ ಹಾಳಾದದ್ದನ್ನು ನೋಡಿಯೂ ಸುಮ್ಮನಿದ್ದವನು ನಾನು. ಆದರೆ ಆ ಕೈಗಳು — ಇನ್ನು ತಡೆಯಲಾಗಲಿಲ್ಲ. ಎಣ್ಣೆ, ಕುಂಕುಮ, ಚಳಿ, ಎಲ್ಲ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು:

"ಸ್ಪ್ರಿಂಗ್?"

"ಇವತ್ತಿಗೂ ನೆಟ್ಟಗೈತ್ರಿ. ತೊಳದಮ್ಯಾಲ ಒಮ್ಮೆನೂ ಗುಂಡು ಸಿಕ್ಕೊಂಡಿಲ್ಲ."

ಅವರು ಕಣ್ಣೊರೆಸಿಕೊಂಡರು. ಆಮೇಲೆ ಸಿಟ್ಟು ಬಂತು, ಬರಬೇಕಾದದ್ದೇ. "ಭಾಳ ಕೆಟ್ಟ ಮಾಡಿದ್ರಿ ಸಾಹೇಬ್ರ. ನನಗಷ್ಟ ಹೇಳಿದ್ರ ಏನ್ ಬಂತು? ಎಲ್ಲಿ ನನ್ನ ಹೆಸರ ತಗದಿದ್ರಿ, ಅಲ್ಲೇ ಹೇಳ್ರಿ."

ಕಳೆದ ಅಭ್ಯಾಸದ ದಿನ ಅದೇ ಬಯಲಿನಲ್ಲಿ, ಎಲ್ಲರೆದುರು ಹೇಳಿದೆ. ಹೇಳಿ, ಅದೇ ಪಿಸ್ತೂಲಿನಿಂದ ಮ್ಯಾಗಝಿನ್ ಖಾಲಿಯಾಗುವವರೆಗೆ ಹಾರಿಸಿದೆ, ಎಲ್ಲೂ ನಿಲ್ಲಲಿಲ್ಲ. ಕೆಲವರು ನಕ್ಕರು. ಅಣಶಿಯಿಂದ ಬಂದಿದ್ದ ರೈತರೊಬ್ಬರು ಮಾತ್ರ ನಗದೆ, "ಅವ್ರ ಅಂಗಡಿ ಇನ್ನೂ ಐತೇನ್ರಿ?" ಎಂದು ಕೇಳಿದರು.

ಐತ್ರಿ, ಎಂದೆ. ಆಗ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಗಫೂರ್ ಭಾಯಿ ಲೈಸೆನ್ಸ್ ನವೀಕರಣಕ್ಕೆ ಅರ್ಜಿ ಹಾಕಿದ್ದಾರೆ. ನಿನ್ನೆ ಅಂಗಡಿಯ ಬಾಗಿಲಲ್ಲಿ ಹೋಗಿ ನಿಂತೆ. ಅಣಶಿಯ ರೈತರ ಬಂದೂಕು ಅವರ ಮುಂದೆ ಬಿಚ್ಚಿ ಹರಡಿತ್ತು. ನನ್ನನ್ನು ನೋಡಿದರು, ಕೂಡ್ರಿ ಎನ್ನಲಿಲ್ಲ. ತಲೆ ತಗ್ಗಿಸಿ ಕೆಲಸಕ್ಕೆ ತೊಡಗಿದರು. ಅವರ ಕೈ ಎಲ್ಲಿಯೂ ಅನುಮಾನಿಸಲಿಲ್ಲ. ಅಷ್ಟು ನೋಡಿಕೊಂಡು ನಾನು ಮನೆಗೆ ಬಂದೆ.