ಗೋಡೆಗೆ ಕಟ್ಟಿದ ಸೀರೆ

ಜಮಖಂಡಿಯ ಹಳೆಯ ವಾಡೆಮನೆಯೊಂದರ ಪಡಸಾಲೆಯಲ್ಲಿ, ಹೂಬಳ್ಳಿಯ ಚಿತ್ರ ಬರೆದ ಗೋಡೆಯ ಕೆಳಭಾಗಕ್ಕೆ ಬನಹಟ್ಟಿಯ ಹಳೆಯ ಸೀರೆಯನ್ನು ಅಡ್ಡಲಾಗಿ ಕಟ್ಟಿದ್ದರು. ಕುಳಿತವರು ತಲೆ ಆನಿಸಿದರೆ ಚಿತ್ರಕ್ಕೆ ಎಣ್ಣೆ ಹತ್ತುತ್ತದಂತೆ.

"ಚಿತ್ರ ಬರೆದದ್ದು ನೋಡಾಕಲ್ಲೇನ್ರೀ? ಮುಚ್ಚಿಟ್ರ ಇದ್ದೂ ಇಲ್ಲದಂಗ," ಎಂದು ವಾಡೆ ನೋಡಲು ಹೋಗಿದ್ದ ನಾನು ಅಲ್ಲಿ ಕಾವಲಿಗಿದ್ದ ಶಾಂತವ್ವನವರೊಡನೆ ವಾದಕ್ಕಿಳಿದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ರೂಢಿಯಾದ ನಾಲಿಗೆ, ಸುಮ್ಮನಿರಲಿಲ್ಲ.

"ನಿನ್ನ ಬಾಯಿಗೆ ಯಾರು ಹತ್ತ್ಯಾರೋ ತಮ್ಮಾ. ತಗೀತೇನಿ, ಕಣ್ತುಂಬ ನೋಡ್ಕೊ," ಎಂದು ಅವರು ಗಂಟು ಬಿಚ್ಚಿದರು.

ಗೆದ್ದ ಹುರುಪಿನಲ್ಲಿ ಅಲ್ಲೇ ಗೋಡೆಗೆ ಒರಗಿ ಕುಳಿತು, ಕಟ್ಟಡ ಇರುವುದೇ ಜನರಿಗಾಗಿ ಎಂದು ಮಾತು ಬೆಳೆಸಿದೆ. ಶಾಂತವ್ವ ನನ್ನ ಮುಖ ನೋಡುತ್ತಿರಲಿಲ್ಲ, ತಲೆಯ ಹಿಂದೆ ನೋಡುತ್ತಿದ್ದರು. ತಿರುಗಿದೆ. ಬೆಳಿಗ್ಗೆ ಹಚ್ಚಿಕೊಂಡಿದ್ದ ಕೊಬ್ಬರಿ ಎಣ್ಣೆ ಕೆಂಪು ಹೂವೊಂದರ ಮೇಲೆ ಅಂಗೈಯಗಲ ಇಳಿದಿತ್ತು. ಕರವಸ್ತ್ರ ತೆಗೆದೆ.

"ಒರಸಬ್ಯಾಡೋ, ಬಣ್ಣಾನೂ ಬಂದುಬಿಡ್ತೈತಿ," ಎಂದು ಕೈ ಹಿಡಿದರು.

ಬೈಯಲಿಲ್ಲ. ಕರವಸ್ತ್ರ ಜೇಬಿಗೆ ಹಾಕಿಕೊಂಡು ಎದ್ದೆ. ನಾನು ಎತ್ತರದವನು, ನನ್ನ ಎಣ್ಣೆಯ ಕಲೆ ಸೀರೆಯ ಮೇಲಂಚು ಮೊದಲಿದ್ದ ಜಾಗಕ್ಕಿಂತ ಮೇಲಿತ್ತು. ಅವರು ಸೀರೆಯನ್ನು ಒಂದು ಗೇಣು ಮೇಲಕ್ಕೇರಿಸಿ ಕಟ್ಟಿದರು. ಇನ್ನೊಂದು ಸಾಲು ಹೂವು ಮುಚ್ಚಿಹೋಯಿತು.