ಲೈನ್‌ಮನ್ ಲಾಲಪ್ಪನ ಕ್ಲಿಯರ್

ಮಸ್ಕಿಯ ಲೈನ್‌ಮನ್ ಲಾಲಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ ಎಂದೀರಿ ಜೋಕೆ, ಸಿಟ್ಟಾಗುತ್ತಾನೆ. ಓದಿದ್ದು ಏಳನೇ ಕ್ಲಾಸಾದರೂ ಇಪ್ಪತ್ತೆಂಟು ವರ್ಷ ಕಂಬ ಹತ್ತಿದವನು. ಒಂದು ಇಂಗ್ಲಿಷ್ ಶಬ್ದವನ್ನಂತೂ ಎದೆಯಲ್ಲಿಟ್ಟುಕೊಂಡು ಬದುಕಿದ್ದಾನೆ: ಕ್ಲಿಯರ್. ಕಂಬ ಹತ್ತುವ ಮುಂಚೆ ಸಬ್‌ಸ್ಟೇಷನ್ನಿಗೆ ಫೋನ್ ಹಚ್ಚಿ ಲೈನ್ ಕ್ಲಿಯರ್ ಕೇಳಬೇಕು. ಅವರು ಕರೆಂಟ್ ತೆಗೆದು ‘ಲೈನ್ ಕ್ಲಿಯರ್’ ಎಂದ ಮೇಲೆಯೇ ತಂತಿ ಮುಟ್ಟುವುದು. ಕೆಲಸ ಮುಗಿದಾಗ, ಕೇಳಿದವನೇ ತನ್ನ ಬಾಯಿಂದ ಅದನ್ನು ವಾಪಸ್ ಕೊಡಬೇಕು, ಆಗಲೇ ಅವರು ಕರೆಂಟ್ ಬಿಡುವುದು. ಅವನ ಪರವಾಗಿ ಬೇರೆ ಯಾರೂ ಹೇಳುವಂತಿಲ್ಲ.

ಇಂಥ ಲಾಲಪ್ಪ ಒಂದು ಮುಂಜಾನೆ ರೊಟ್ಟಿ ಮುರಿಯುತ್ತಿದ್ದವನು ಹಾಗೇ ನಿಲ್ಲಿಸಿ ಕಿವಿ ನಿಮಿರಿಸಿದ. ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದ ಮಗಳು ಅಂಬಿಕಾ, ನೋಟ್‌ಬುಕ್ ಹಿಡಿದು ಅವನದೇ ಶಬ್ದವನ್ನು ಉರು ಹೊಡೆಯುತ್ತಿದ್ದಳು.

“ಕ್ಲಿಯರ್ ಅಂದ್ರ ತಿಳಿ, ನಿಚ್ಚಳ, ಸ್ಪಷ್ಟ, ಖಾಲಿ ಮಾಡು, ದಾಟು, ಪಾಸಾಗು, ಅಡ್ಡಿ ಇಲ್ಲದ್ದು, ನಿರ್ದೋಷಿ...”

“ತಡಿಯವ್ವಾ! ಒಂದ ಶಬ್ದಕ್ಕ ಇಷ್ಟ?”

“ಇನ್ನೂ ಅದಾವಪ್ಪಾ. ಹಳ್ಳದ ನೀರು ತಿಳಿಯಾದ್ರ ಅದೂ ಕ್ಲಿಯರ್, ಮೋಡ ಸರದ್ರ ಆಕಾಶನೂ ಕ್ಲಿಯರ್.”

“ಅಬ್ಬಬ್ಬಾ! ಮನಿ ನಂದ, ಖೋಲಿ ಎಷ್ಟ ಅದಾವಂತ ಗೊತ್ತ ಇದ್ದಿಲ್ಲ ನೋಡು!”

“ಇದರಾಗ ನಿಂದು ಯಾವುದಪ್ಪಾ?”

“ನಂದಾ? ಲೈನ್ ಸತ್ತೈತಿ ಅಂತ.”

ಅಂಬಿಕಾ ಬಿದ್ದುಬಿದ್ದು ನಕ್ಕಳು. ಆ ಅರ್ಥ ಅವಳ ಪಟ್ಟಿಯಲ್ಲಿರಲಿಲ್ಲ.

ಅಂದು ಕೆಲಸ ಬಿದ್ದದ್ದು ಪಾಮನಕಲ್ಲೂರಿನ ಅಮರಗುಂಡಪ್ಪ ಸಾಹುಕಾರರ ಹೊಲದಲ್ಲಿ. ಬೋರಿನ ನೀರಿಗೆ ಕಾದು ಕಾದು ಸಾಹುಕಾರರ ತಾಳ್ಮೆ ಮುಗಿದಿತ್ತು. ಸಬ್‌ಸ್ಟೇಷನ್ನಿನಲ್ಲಿ ಫೋನ್ ಎತ್ತಿದವಳು ಸಂಘಮಿತ್ರಾ. ನಾಲ್ಕು ವರ್ಷದಿಂದ ಲಾಲಪ್ಪ ಅವಳ ದನಿ ಕೇಳಿದ್ದಾನೆ, ಮುಖ ನೋಡಿಲ್ಲ. ಅವಳು ‘ಕ್ಲಿಯರ್’ ಅಂದಳು, ಇವನು ಹತ್ತಿದ.

ತಾಸಿನೊಳಗೆ ಕೆಲಸ ಮುಗಿಸಿ ಇಳಿದ. ತಂತಿಯನ್ನು ನೆಲಕ್ಕೆ ಸೇರಿಸುವ ಅರ್ಥಿಂಗ್ ಚೈನನ್ನೂ ಬಿಚ್ಚಿ ಸುತ್ತಿಟ್ಟ. ತಪ್ಪಿ ಕರೆಂಟ್ ಬಂದರೂ ಜೀವ ಕಾಯುವುದು ಆ ಚೈನು. ಇನ್ನೇನು ಫೋನ್ ಹಚ್ಚಬೇಕು, ಮೇಲೆ ನೋಡಿದರೆ ತಂತಿಯ ಒಂದು ಕಟ್ಟು ಸಡಿಲ! ಒಂದು ನಿಮಿಷದ ಕೆಲಸಕ್ಕೆ ಮತ್ತೆ ಚೈನು ಯಾರು ಹಾಕಬೇಕು? ಹೊಸ ಲೈನ್‌ಮನ್‌ಗಳು ಹೀಗೆ ಮಾಡಿದರೆ ಹಿಗ್ಗಾಮುಗ್ಗಾ ಬೈಯುವ ಮನುಷ್ಯ, ಫೋನನ್ನು ಗಾಡಿಯ ಸೀಟಿನ ಮೇಲಿಟ್ಟು ಹಾಗೇ ಹತ್ತಿಬಿಟ್ಟ.

ಅಷ್ಟರಲ್ಲಿ ಸಾಹುಕಾರರು ಬಂದರು. ಚೈನು ಸುತ್ತಿಟ್ಟದ್ದು ಕಂಡಿತು. ಬೇವಿನ ಮರದ ಮರೆಯಲ್ಲಿ ಲಾಲಪ್ಪ ಕಾಣಲಿಲ್ಲ. ಅವನ ಬಟನ್ ಫೋನಿನ ಹಸಿರು ಗುಂಡಿಯನ್ನು ಎರಡು ಸಲ ಒತ್ತಿದರು, ಹಿಂದಿನ ನಂಬರಿಗೇ ಹೋಯಿತು.

“ಹಲೋ, ಲಾಲಪ್ಪನ ಕೆಲಸ ಮುಗದೈತಿ. ಕ್ಲಿಯರ್. ಕರೆಂಟ್ ಕೊಡ್ರಿ.”

ಮೇಲೆ ಲಾಲಪ್ಪನ ಎರಡೂ ಕೈ ತಂತಿಯ ಮೇಲಿದ್ದವು. ಕೈ ತೆಗೆದನೇನೋ ನಿಜ, ಆದರೆ ತಲೆಯ ಅತ್ತ ಇತ್ತ ಮೂರು ತಂತಿ. ಕೂಗಬೇಕೆಂದರೆ ದನಿಯೇ ಏಳಲಿಲ್ಲ. ಆ ಫೋನಿನ ಸದ್ದೋ, ಓಣಿಗೆಲ್ಲ ಕೇಳುವಂಥದ್ದು; ಸಂಘಮಿತ್ರಾಳ ದನಿ ಕಂಬದ ಮೇಲಕ್ಕೂ ಬಂತು.

“ಲಾಲಪ್ಪಣ್ಣಗ ಕೊಡ್ರಿ ಫೋನು.”

“ಅಂವ ನೀರು ಕುಡಿಯಾಕ ಹೋಗ್ಯಾನ.”

“ಕುಡದು ಬರ್ಲಿ.”

“ನಂಬರ್ ಅವಂದ ಐತಿ, ನೋಡವಾ!”

“ಲೈನ್ ತಗೊಂಡಿದ್ದು ನಂಬರಲ್ರೀ, ಲಾಲಪ್ಪಣ್ಣ. ಅವರ ಬಾಯಿಂದ ಕೇಳ್ತೀನಿ.”

“ನಿಮ್ಮ ಸಾಹೇಬ್ರಿಗೆ ಹಚ್ಚತೀನಿ ಈಗ!”

“ಹಚ್ಚರಿ. ಅವರು ಹೇಳಿದ್ರೂ ಕೊಡಂಗಿಲ್ಲ.”

ಲಾಲಪ್ಪನಿಗೆ ಆಗ ಗಂಟಲು ಬಿಟ್ಟಿತು. “ಸಾಹುಕಾರ್ರೀ! ಮ್ಯಾಲ ಅದೀನ್ರೀ!”

ಅಮರಗುಂಡಪ್ಪ ತಲೆಯೆತ್ತಿದರು. “ಯಪ್ಪಾ ಶಿವನ!” ಎಂದವರು ಅಲ್ಲೇ ಬದುವಿನ ಮೇಲೆ ಕುಸಿದು ಕೂತರು.

ಲಾಲಪ್ಪ ಇಳಿದ. ಚೈನು ಹಾಕಿದ, ಹತ್ತಿದ, ಕಟ್ಟು ಬಿಗಿದ, ಇಳಿದ, ಚೈನು ಬಿಚ್ಚಿದ. ಫೋನ್ ಹಚ್ಚಿದಾಗ ಅವಳು ಕೇಳಿದ್ದು ದಿನವೂ ಕೇಳುವುದನ್ನೇ, “ಯಾರು, ಲಾಲಪ್ಪಣ್ಣಾ ಏನ್ರಿ?”

“ಹೌದವ್ವಾ. ನೆಲದ ಮ್ಯಾಲ ಅದೀನಿ. ಲೈನ್ ಕ್ಲಿಯರ್ ವಾಪಸ್.” ಅಷ್ಟು ಹೇಳುವುದರೊಳಗೆ ಅವನ ಕಣ್ಣು ತುಂಬಿತ್ತು.

ಊರಿಗೆ ಮರಳುವಾಗ ಸಬ್‌ಸ್ಟೇಷನ್ನಿನ ಬಾಗಿಲಲ್ಲಿ ನಿಂತ. ಒಳಗೆ ಅಂಬಿಕಾಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದಾದ ಹುಡುಗಿ, ಡಬ್ಬಿಯಿಂದ ಮಂಡಾಳು ತಿನ್ನುತ್ತ ಮೀಟರ್ ನೋಡುತ್ತಿದ್ದಳು. ಇಷ್ಟೇ ಇಷ್ಟು ಹುಡುಗಿ! ಲಾಲಪ್ಪ ಎರಡೂ ಕೈ ಮುಗಿದ. ನಡೆದದ್ದನ್ನು ಕೇಳಿ ಅವಳ ಮುಖ ಬೆಳ್ಳಗಾಯಿತು.

“ರೂಲ್ ಐತಲ್ರೀ ಅಣ್ಣಾ,” ಎಂದಳು. ಡಬ್ಬಿಯನ್ನು ಅವನತ್ತ ಸರಿಸಿದಳು.

ಸಂಜೆ ಅವನು ಕೈಕಾಲು ತೊಳೆದು ಮಗಳ ಮುಂದೆ ಕೂತ. “ಆ ಕ್ಲಿಯರ್ ಅನ್ನೂದು ಇನ್ನೊಮ್ಮೆ ಓದವ್ವಾ.”

ಅವಳು ಓದಿದಳು. ತಿಳಿ ಎಂದಾಗ ಹೂಂ ಎಂದ, ದಾಟು ಎಂದಾಗ ಹೂಂ ಎಂದ. ಇಷ್ಟು ದಿನ ಎಂಥ ಶಬ್ದವನ್ನು ವೀಳ್ಯದೆಲೆಯಂತೆ ಜಗಿದು ಉಗಿಯುತ್ತಿದ್ದೆನಲ್ಲ ಎಂದು ಮೈ ಜುಮ್ಮೆನ್ನುತ್ತಿತ್ತು.

“ನಿರ್ದೋಷಿ.”

“ಅದು ನಂದಲ್ಲ,” ಎಂದ. ಚೈನು ಹಾಕದೆ ಹತ್ತಿದ್ದನ್ನು, ಫೋನಿನಲ್ಲಿ ನಡೆದದ್ದನ್ನು ಒಂದೂ ಬಿಡದೆ ಹೇಳಿದ. ಅಂಬಿಕಾ ಅಪ್ಪನ ಕೈ ಹಿಡಿದುಕೊಂಡು ಅಳತೊಡಗಿದಳು.

“ಅಳಬ್ಯಾಡ. ಆ ನಿರ್ದೋಷಿ ಅನ್ನೂದರ ಮುಂದ ಸಂಘಮಿತ್ರಾ ಅಂತ ಬರಿ.”

ಬರೆದಳು. “ಮತ್ತ ನಿನ್ನ ಹೆಸರು?”

“ನಾಳೆ ಆ ಹೊಸ ಲೈನ್‌ಮನ್ನರ ಮುಂದ ಇದನ್ನೆಲ್ಲ ನನ್ನ ಬಾಯಿಂದ ಹೇಳಿ ಬರ್ತೀನಿ. ಆಮ್ಯಾಲ ನೋಡೂಣು.”