ಆರಿದ ಮೇಲೆ ನೀಲಿಯಾದ ಗಂಜಿತಿಳಿ

ಬೀಗ ಹಾಕಿದವರು ಹಿರಿಯರು. ಅದರ ಫಲ ಉಂಡವರು ಹಿಂದಿನ ಬೆಂಚಿನ ಹುಡುಗಿಯರು. ಎಪ್ಪತ್ತರ ದಶಕದಲ್ಲಿ ಪಂಜದ ಕಡೆಯ ನಮ್ಮ ಪ್ರೌಢಶಾಲೆಯ ಪ್ರಯೋಗದ ಕಪಾಟು ತೆರೆಯುತ್ತಿದ್ದುದು ಇನ್‌ಸ್ಪೆಕ್ಟರು ಬಂದಾಗ ಮಾತ್ರ. ಅಂದೂ ಬಾಟಲಿ ಮುಟ್ಟುವ ಭಾಗ್ಯ ಮುಂದಿನ ಸಾಲಿನ ಹುಡುಗರದು. ಪಿಷ್ಟಕ್ಕೆ ಅಯೋಡಿನ್ ಬಿದ್ದರೆ ನೀಲಿ ಎಂಬುದು ನಮಗೆ ಮಗ್ಗಿಯಂತೆ ಬಾಯಿಪಾಠ. ಆ ನೀಲಿಯನ್ನು ಕಂಡವರಿಲ್ಲ. ಪಠ್ಯಪುಸ್ತಕವೋ ಆಲೂಗಡ್ಡೆ ತನ್ನಿ ಎನ್ನುತ್ತಿತ್ತು. ನಾನು ಆಲೂಗಡ್ಡೆಯನ್ನು ಕಾಣುತ್ತಿದ್ದುದು ಮದುವೆಯೂಟದಲ್ಲಿ.

ನನ್ನ ಗೆಳತಿ ಐಸಮ್ಮನಿಗೆ ಈ ನೀಲಿ ಅನಿವಾರ್ಯವಾಗಿತ್ತು. ಬಟ್ಟೆ ಅಂಗಡಿಯ ಅವಳ ತಂದೆ ಮಾತು ಮುಗಿಸಿಬಿಟ್ಟಿದ್ದರು: "ವಿಜ್ಞಾನ ತಲೆಗೆ ಹೋಗ್ತದೆ ಅಂತ ಮಾಷ್ಟ್ರು ಹೇಳಿದ್ರೆ ಪುತ್ತೂರಿನ ಕಾಲೇಜು. ಇಲ್ಲದಿದ್ರೆ ನಿಕಾಹ್." ಮಾಷ್ಟ್ರು, "ಒಂದು ಪ್ರಯೋಗ ಮಾಡಿ ತೋರಿಸು" ಎಂದರು. ಮುಖ್ಯೋಪಾಧ್ಯಾಯರಿಂದ ಕಪಾಟಿನ ಕೀಲಿಕೈ ಬರಲಿಲ್ಲ. ಆಸ್ಪತ್ರೆಯ ಕಂಪೌಂಡರರು ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ನನ್ನು ಚೂರು ಕೊಟ್ಟರು. ಪಿಷ್ಟಕ್ಕೆಂದು ಐಸಮ್ಮ ಶಾಲೆಯ ಹಿಂದಿನ ತನ್ನ ಮನೆಗೆ ಓಡಿ ಗಂಜಿತಿಳಿ ತಂದಳು.

ಪಿಂಗಾಣಿ ಬಟ್ಟಲಿಗೆ ಹನಿ ಬಿತ್ತು. ನೀಲಿಯಿಲ್ಲ. ಇನ್ನೊಂದು ಹನಿ. ಇಲ್ಲ.

"ನಿಮ್ಮ ಅಕ್ಕಿಯಲ್ಲಿ ಪಿಷ್ಟವೇ ಇಲ್ಲವಾ ಮಾರಾಯ್ತಿ?" ಎಂದ ಮುಂದಿನ ಬೆಂಚಿನವನೊಬ್ಬ. ತರಗತಿ ನಕ್ಕಿತು. ಎಲ್ಲರ ತಪ್ಪನ್ನೂ ಹೆಸರಿಸುವ ನಾನು ಇದನ್ನೂ ಹೆಸರಿಸಬೇಕು: ನಾನೂ ನಕ್ಕೆ. ಐಸಮ್ಮ ಮಾತ್ರ ಬಟ್ಟಲು ಬಿಟ್ಟು ಕದಲಲಿಲ್ಲ.

ಮಾಷ್ಟ್ರು ಬಟ್ಟಲು ಮುಟ್ಟಿ ಬೆರಳು ಹಿಂದಕ್ಕೆಳೆದುಕೊಂಡರು. "ಇಷ್ಟು ಬಿಸಿ ಎಂತಕ್ಕೆ ತಂದದ್ದು?"

"ತಣ್ಣಗಿನ ಗಂಜಿ ಯಾರಿಗಾದ್ರೂ ಕೊಡುದುಂಟಾ ಮಾಷ್ಟ್ರೆ?"

ಅವರು ನಗಲಿಲ್ಲ; ಕಾಯೋಣ ಎಂದರು. ಬಟ್ಟಲು ಆರುತ್ತ ಬಂದಂತೆ, ಯಾರೋ ಶಾಯಿ ಚೆಲ್ಲಿದ ಹಾಗೆ, ಕಡುನೀಲಿ ಏರಿತು.

ಅಂದು ಅವರು ಹಲಗೆಯ ಮೇಲೆ ಬರೆದ ಚಿತ್ರ ನನಗೆ ಈಗಲೂ ಅನ್ನದ ಋಣದಷ್ಟೇ ದೊಡ್ಡದು. ಪಿಷ್ಟವೆಂದರೆ ಗ್ಲೂಕೋಸ್ ಕಣಗಳು ಕೈಕೈ ಹಿಡಿದು ನಿಂತ ಉದ್ದನೆಯ ಸಾಲು. ಆ ಸಾಲು ಸುರುಳಿ ಸುತ್ತುತ್ತದೆ. ಸುರುಳಿಯ ಟೊಳ್ಳಿನಲ್ಲಿ ಅಯೋಡಿನ್ ಕುಳಿತರೆ ನೀಲಿ. ಬಿಸಿಗೆ ಸುರುಳಿ ಸಡಿಲವಾದರೆ ಅದಕ್ಕೆ ಕೂರಲು ತಾವಿಲ್ಲ. ಬೈಹುಲ್ಲಿನ ನಾರಿನಲ್ಲಿರುವುದೂ ಇದೇ ಗ್ಲೂಕೋಸ್. ಕೈಹಿಡಿದ ಬಗೆ ಬೇರೆ. ಅಷ್ಟಕ್ಕೇ ಒಂದು ನಮ್ಮ ಬಟ್ಟಲಿಗೆ, ಇನ್ನೊಂದು ದನದ ಹಟ್ಟಿಗೆ! ಹುಟ್ಟಿನಿಂದಲ್ಲ, ಜೋಡಣೆಯಿಂದ ಪಂಕ್ತಿ ನಿರ್ಧಾರವಾಗುವ ಈ ನ್ಯಾಯ ನಮ್ಮ ಬೆಂಚುಗಳಿಗೂ ಅನ್ವಯಿಸುತ್ತದೆಂದು ಆಮೇಲೆ ತಿಳಿಯಿತು.

ಸಂಜೆ ಮಾಷ್ಟ್ರು ತಾವೇ ಬಟ್ಟೆ ಅಂಗಡಿಗೆ ನಡೆದರು. "ಎಲ್ಲರೂ ನಗುವಾಗ ಬಟ್ಟಲು ಕಾದವಳು ಸಾಹೇಬ್ರೆ. ಕಳಿಸಿ." ಐಸಮ್ಮ ಪುತ್ತೂರಿಗೆ ಹೋದಳು. ಕಂಪೌಂಡರರಿಗೆ, ಮಾಷ್ಟ್ರಿಗೆ, ಬಿಸಿಯಾಗಿಯೇ ಗಂಜಿತಿಳಿ ಬಸಿದುಕೊಟ್ಟ ಐಸಮ್ಮನ ತಾಯಿಗೆ ನಾನು ಇಂದಿಗೂ ಕೃತಜ್ಞಳು.

ಎಷ್ಟೋ ದಶಕಗಳ ಮೇಲೆ ಮೊನ್ನೆ ಆ ಶಾಲೆಗೆ ಹೋಗಿದ್ದೆ. ಅದೇ ಕಪಾಟು, ಅದೇ ಬೀಗ. ಕೀಲಿಕೈ ಇಟ್ಟುಕೊಂಡಿರುವ ಮುಖ್ಯೋಪಾಧ್ಯಾಯರೇ, ಇನ್‌ಸ್ಪೆಕ್ಟರನ್ನು ಕಾಯಬೇಡಿ. ಬರುವ ಸೋಮವಾರವೇ ಬೀಗ ತೆಗೆಯಿರಿ. ಅಯೋಡಿನ್ ಬಾಟಲಿಯನ್ನು ಮೊದಲು ಹಿಂದಿನ ಬೆಂಚಿನ ಹುಡುಗಿಯ ಕೈಗೆ ಕೊಡಿ. ಗಂಜಿತಿಳಿ ನಾವು ತರುತ್ತೇವೆ. ಈ ಸಲ ಆರಿಸಿಯೇ ತರುತ್ತೇವೆ.